ಜಿರಾಫೆಯ ಗೆರೆಗೆ ಒಂದು ಬೆರಳು ಕಮ್ಮಿ

ಇವತ್ತು ಬೆಳಿಗ್ಗೆ ನಮ್ಮ ಮನೆ ಓನರು ಸಂಪು ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದರು. ಚಂದಾಪುರದ ನಮ್ಮ ಸಾಲುಮನೆಗಳಿಗೆಲ್ಲ ಇರುವುದು ಒಂದೇ ಸಂಪು, ಹಾಗಾಗಿ ಎಲ್ಲರ ಮನೆಯ ನೀರಿಗೂ ಒಂದೇ ವಾಸನೆ. ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು, ಇನ್ನು ಎರಡು ದಿನ ಕಾಫಿ ಕುಡಿದ ಹಾಗೇ ಅಂತ ಬೈದುಕೊಂಡಳು. ನನಗೆ ಮಾತ್ರ ಆ ವಾಸನೆ ಬಡಿದ ಕೂಡಲೇ ಮಗಳು ಕೆಲಸ ಮಾಡುವ ಪಾರ್ಕು ನೆನಪಾಗುತ್ತದೆ. ಬಿಂದಿಗೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀಲಿ ಬಣ್ಣ ಬಳಿದ ನೀರಿನ ಕೊಳ, ಅದರಾಚೆ ದಿಬ್ಬ ಹತ್ತಿ ಇಳಿಯುವ ಮಕ್ಕಳ ರೈಲು, ಆ ರೈಲಿನ ಗೇಟಿನಲ್ಲಿ ಕೆಂಪು ಟೋಪಿ ಹಾಕಿ ನಿಂತ ನನ್ನ ಮಗಳು, ಎಲ್ಲ ಕಣ್ಣಿಗೆ ಕಟ್ಟಿತು. ಖುಷಿಯೂ ಆಯಿತು, ತಲೆಯೂ ಕೆಟ್ಟಿತು. ಆ ದಿನದ ನೆನಪು ಬಂದಾಗಲೆಲ್ಲ ಎರಡೂ ಜೊತೆಗೇ ಬರುತ್ತವೆ, ನಾನೇನು ಮಾಡಲಿ.

ನಾನು ಓದಿದ್ದು ಮೂರನೇ ಕ್ಲಾಸು. ಬರೆಯಲು ಕೂತರೆ ಒತ್ತಕ್ಷರ ಒಂದು ದಿಕ್ಕಿಗೆ, ನಾನು ಒಂದು ದಿಕ್ಕಿಗೆ. ಮೊಮ್ಮಗಳು ಚೈತ್ರ ಕಾಲೇಜಿನಿಂದ ಬಂದ ಮೇಲೆ ತಿದ್ದಿ ಕೊಡುತ್ತಾಳೆ. ತಿದ್ದುವಾಗ ನಗುತ್ತಾಳೆ, ನಗಲಿ. ಅವಳ ವಿಷಯ ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ, ಅದೊಂದು ರೋಗ. ಸೊಪ್ಪು ಕೊಳ್ಳಲು ಹೋಗಿ, ನನ್ನ ಮೊಮ್ಮಗಳು ಹೀಗೆ, ನನ್ನ ಮೊಮ್ಮಗಳು ಹಾಗೆ ಅಂತ ಸೊಪ್ಪಿನವಳ ಹತ್ತಿರ ಹೇಳಿ ಹೇಳಿ, ಸೊಪ್ಪನ್ನೇ ಬಿಟ್ಟು ಮನೆಗೆ ಬಂದವಳು ನಾನು. ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ಆ ಪಾರ್ಕು ಹೊಸೂರು ರಸ್ತೆಯಿಂದ ಒಳಗೆ, ಒಂದು ಹಳ್ಳಿ ದಾಟಿ ಹೋದರೆ ಸಿಗುತ್ತದೆ. ಮೊದಲು ಅದನ್ನು ಕಟ್ಟಿದವರು ಆ ಊರಿನವರೇ ಆದ ಒಬ್ಬ ಗೌಡರು. ಅವರ ರಾಗಿ ಹೊಲವೇ ಪಾರ್ಕಾಗಿದ್ದು. ನನ್ನ ಮಗಳು ಸಾವಿತ್ರಿ ಕೆಲಸಕ್ಕೆ ಸೇರಿದ್ದು ಗೌಡರ ಕಾಲದಲ್ಲಿ. ಆಗ ಅಲ್ಲಿ ಮ್ಯಾನೇಜರೂ ಅವರೇ, ಕಾನೂನೂ ಅವರೇ. ಛತ್ರಿ ಊರಿಕೊಂಡು ಸುತ್ತುವರು. ಮನಸ್ಸು ಚೆನ್ನಾಗಿದ್ದರೆ ತಿರುಗುವ ಕುದುರೆಗಳ ಹತ್ತಿರ ನಿಂತು, ಮಕ್ಕಳಿಗೆ ಇನ್ನೊಂದು ಸುತ್ತು ಹೊಡಿಸ್ರೋ ಅನ್ನುವರು. ಚೆನ್ನಾಗಿಲ್ಲದಿದ್ದರೆ ಟಿಕೆಟ್ ತೆಗೆದವರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಮೆಷಿನ್ ಆಫ್ ಮಾಡಿಸಿ, ಕೆಲಸದವರನ್ನೆಲ್ಲ ಊಟಕ್ಕೆ ಕಳಿಸುವರು. ಯಾರಾದರೂ ಕೇಳಿದರೆ, ಅವ್ರಿಗೂ ಹೊಟ್ಟೆ ಇಲ್ವೇನ್ರೀ ಅಂತ ಅವರನ್ನೇ ಗದರುವರು. ಜನ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬಂದು ಹೊಂಗೆ ಮರದ ಕೆಳಗೆ ಉಂಡು, ಅಲ್ಲೇ ಒಂದು ನಿದ್ದೆ ತೆಗೆಯುವರು. ಕೊಳದ ನೀರು ಕೆಲವು ಸಲ ಪಾಚಿಗಟ್ಟಿ ಹಸಿರಾಗಿರುತ್ತಿತ್ತು. ಅದಕ್ಕೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಆಮೇಲೆ ಗೌಡರು ಅದನ್ನು ಮಾರಿದರು. ಕೊಂಡಿದ್ದು ಊರೂರಿಗೆ ಒಂದೊಂದು ಪಾರ್ಕು ಇಟ್ಟಿರುವ ದೊಡ್ಡ ಕಂಪನಿ. ಅವರದ್ದು ಎಲ್ಲ ಕಡೆ ಒಂದೇ ಬಣ್ಣದ ಗೇಟು, ಒಂದೇ ಹಾಡು, ಒಂದೇ ಬಗೆಯ ಟೋಪಿ. ಬಂದವರನ್ನು ಏನಂತ ಮಾತಾಡಿಸಬೇಕು, ಹೋಗುವವರಿಗೆ ಏನಂತ ಹೇಳಬೇಕು, ಎಲ್ಲ ಮೇಲಿನಿಂದಲೇ ಬರುತ್ತಿತ್ತು. ನೀರು ತಿಳಿಯಾಯಿತು, ಅದಕ್ಕೆ ಈ ವಾಸನೆ ಬಂತು. ಹೊಂಗೆ ಮರದ ಕೆಳಗೆ ಐಸ್‌ಕ್ರೀಂ ಅಂಗಡಿ ಬಂತು. ಹೊರಗಿನ ತಿಂಡಿ ಒಳಗೆ ಬಿಡುವ ಹಾಗಿಲ್ಲ ಅಂತಾಯಿತು. ಟಿಕೆಟ್ ತೆಗೆದವರನ್ನು ಬಿಸಿಲಿನಲ್ಲಿ ನಿಲ್ಲಿಸಿ ಊಟಕ್ಕೆ ಹೋಗುವುದೂ ನಿಂತಿತು.

ಇದೆಲ್ಲ ಕೇಳುವಾಗ ನನಗೆ ನನ್ನ ಕ್ಯಾಂಟೀನಿನ ನೆನಪಾಗುತ್ತಿತ್ತು. ನಾನು ಪೀಣ್ಯದ ಒಂದು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ವರ್ಷಾನುಗಟ್ಟಲೆ ಸಾರು ಬಡಿಸಿದವಳು. ಮುಖ ನೋಡಿ ಬಡಿಸುವುದು ನನ್ನ ಪದ್ಧತಿ. ಬಾಡಿದ ಮುಖಕ್ಕೆ ಒಂದು ಸೌಟು ಜಾಸ್ತಿ, ಜೊತೆಗೆ ತಳದ ತರಕಾರಿ. ಆಮೇಲೆ ಹೊಸ ಕಂಟ್ರಾಕ್ಟರು ಬಂದು ಎಲ್ಲರಿಗೂ ಒಂದೇ ಅಳತೆಯ ಸೌಟು ಅಂದಾಗ, ಅನ್ನಕ್ಕೆ ಕಣ್ಣಿಲ್ಲವಾಯಿತು ಅಂತ ನಾನು ಕೂಗಾಡಿದ್ದೆ. ಆದರೆ ನಿಜ ಹೇಳಬೇಕಲ್ಲ. ನನಗಾಗದವರ ತಟ್ಟೆಗೆ ನಾನು ಬರೀ ತಿಳಿ ನೀರು ಬಿಡುತ್ತಿದ್ದೆ. ಹೊಸ ಸೌಟು ಬಂದ ದಿನ ಅವರ ತಟ್ಟೆಗೂ ಬೇಳೆ ಬಿತ್ತು. ಈಗ ಹೇಳಿ, ಯಾವುದು ಸರಿ? ನನಗಂತೂ ಬಗೆಹರಿಯಲಿಲ್ಲ.

ಇರಲಿ, ಸಾವಿತ್ರಿಯ ವಿಷಯಕ್ಕೆ ಬರುತ್ತೇನೆ. ಹೊಸ ಕಂಪನಿ ಹಳೆಯ ಕೆಲಸದವರನ್ನೆಲ್ಲ ಹೊಸಬರ ಹಾಗೆಯೇ ನೋಡಿತು. ಕೆಲವು ತಿಂಗಳು ಪರೀಕ್ಷೆ, ಪಾಸಾದವರು ಕಾಯಂ, ಇಲ್ಲದವರು ಮನೆಗೆ. ಪರೀಕ್ಷೆ ಮಾಡುವ ಬಗೆ ಕೇಳಿದರೆ ನೀವು ನಗುತ್ತೀರಿ. ಹೆಡ್ ಆಫೀಸಿನಿಂದ ಯಾರೋ ಒಬ್ಬರು ಟಿಕೆಟ್ ತೆಗೆದು, ಮನೆಯವರ ಜೊತೆ ಎಲ್ಲರ ಹಾಗೆಯೇ ಆಟವಾಡಲು ಬರುವರಂತೆ. ಬಂದು, ಎಲ್ಲ ನೋಡಿ, ಯಾರ ಕೆಲಸ ಹೇಗೆ ಅಂತ ಮಾರ್ಕ್ಸ್ ಹಾಕಿ ಹೋಗುವರಂತೆ. ಅವರು ಯಾವತ್ತು ಬರುತ್ತಾರೆ, ಗಂಡೋ ಹೆಣ್ಣೋ, ಯಾರಿಗೂ ಗೊತ್ತಿಲ್ಲ. ಅಳಿಯ ಕೆಲಸಕ್ಕಿದ್ದ ಫ್ಯಾಕ್ಟರಿಗೆ ಆಗಲೇ ಬೀಗ ಬಿದ್ದಿತ್ತು. ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು ಸಾವಿತ್ರಿಯ ಆ ಕೆಂಪು ಟೋಪಿಯಿಂದಲೇ. ಅವಳು ಕಾಯಂ ಆಗಲಿ ಅಂತ ನಾನು ಹರಕೆ ಹೊರದ ದೇವರಿಲ್ಲ.

ಹಾಗಿರುವಾಗ ಕಂಪನಿಯವರು ಕೆಲಸದವರ ಮನೆಯವರಿಗೆ ಅಂತ ಪಾಸು ಕೊಟ್ಟರು. ಚೈತ್ರ ಆಗಿನ್ನೂ ಅಂಗನವಾಡಿಗೆ ಹೋಗುವ ಕೂಸು. ಅಮ್ಮ ದಿನಾ ಬೆಳಿಗ್ಗೆ ರೈಲು ಬಿಡಲು ಹೋಗುತ್ತಾಳೆ ಅಂತ ವಠಾರಕ್ಕೆಲ್ಲ ಹೇಳಿಕೊಂಡು ಬಂದಿದ್ದಳು. ಆ ರೈಲನ್ನು ಒಂದು ದಿನವೂ ನೋಡಿರಲಿಲ್ಲ. ಪಾಸು ಕಂಡ ಮೇಲೆ ಅವಳು ಮಲಗಲಿಲ್ಲ, ನಾನೂ ಮಲಗಲಿಲ್ಲ. ಸಾವಿತ್ರಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು:

"ನೋಡಮ್ಮ, ಒಳಗೆ ಬಂದ್ಮೇಲೆ ನಾನ್ಯಾರೋ, ನೀವ್ಯಾರೋ. ಡ್ಯೂಟಿಲಿ ಮನೆಯವ್ರ ಜೊತೆ ಮಾತಾಡಿದ್ರೆ ಮಾರ್ಕ್ಸ್ ಕಟ್. ನಾನು ನಿಂಗೆ ಮೇಡಂ ಅಂತೀನಿ, ನೀನೂ ಅಂಗೇ ಅನ್ಬೇಕು. ಚೈತೂ, ಅಮ್ಮ ಅಂತ ಕರೀಬಾರ್ದು. ಇದೊಂದು ಆಟ, ಆಯ್ತಾ?"

ಆಟ ಅಂದಕೂಡಲೇ ಚೈತ್ರ ಒಪ್ಪಿದಳು. ನನಗೆ ಮಾತ್ರ ಅದು ಹಿಡಿಸಲಿಲ್ಲ. ನಾನು ಹೆತ್ತವಳು ನನ್ನನ್ನೇ ಮೇಡಂ ಅನ್ನಬೇಕಾ ಅಂದೆ. ಕೆಲಸ ಬೇಕಾ ಬೇಡ್ವಾ ಅಂದಳು. ಬೇಕು ಅಂದೆ. ಇನ್ನೂ ಒಂದು ಮಾತು ಹೇಳಿದಳು. ಅವಳ ರೈಲಿನ ಗೇಟಿನಲ್ಲಿ ಮರದ ಜಿರಾಫೆ ಇದೆ, ಅದರ ಹೊಟ್ಟೆಯ ಹತ್ತಿರ ಒಂದು ಗೆರೆ. ಮಗುವಿನ ತಲೆ ಆ ಗೆರೆ ಮುಟ್ಟಿದರೆ ಮಾತ್ರ ರೈಲು. ಚೈತೂ ಇನ್ನೂ ಒಂದು ಬೆರಳು ಕಮ್ಮಿ ಇದಾಳೆ, ಅವಳನ್ನ ಹಂಸದ ದೋಣಿಗೆ ಕರ್ಕೊಂಡ್ಹೋಗು, ರೈಲಿನ ಕಡೆ ತರಬೇಡ ಅಂದಳು.

ಒಂದು ಬೆರಳು ತಾನೇ. ನಾನು ಆ ಒಂದು ಬೆರಳಿನ ಬಗ್ಗೆ ರಾತ್ರಿಯೆಲ್ಲ ಯೋಚನೆ ಮಾಡಿದೆ. ಅದು ಮಲ್ಲಿಗೆ ಮೊಗ್ಗಿನ ಕಾಲ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿ, ಸ್ಟುಡಿಯೋಗೆ ಕರೆದೊಯ್ದು, ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸುವುದುಂಟು. ಚೈತ್ರಳಿಗೆ ಆ ವರ್ಷ ಇನ್ನೂ ಹಾಕಿರಲಿಲ್ಲ. ಸರಿ, ಸಾವಿತ್ರಿ ಡ್ಯೂಟಿಗೆ ಹೊರಟ ಮೇಲೆ ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡೆ. ಅವಳದ್ದು ಗುಬ್ಬಿಯ ಬಾಲದಂಥ ಕೂದಲು. ಚೌರಿ ಸೇರಿಸಿ ಜಡೆ ಹೆಣೆದೆ, ಮೊಗ್ಗು ಹೊಲಿದೆ, ನೆತ್ತಿಯ ಮೇಲೆ ತುರುಬು ಎತ್ತಿ ಕಟ್ಟಿ ಅದಕ್ಕೆ ಮೊಗ್ಗಿನ ದಂಡೆಯನ್ನು ಗೋಪುರದ ಹಾಗೆ ಸುತ್ತಿದೆ. ಮೋಸ ಮಾಡುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ, ದೇವರಾಣೆಗೂ. ಹೂವು ಮುಡಿದ ಹೆಣ್ಣಿನ ಎತ್ತರ ಹೂವಿನ ಸಮೇತ ಅಲ್ಲವೇ. ಮದುವೆ ಫೋಟೋದಲ್ಲಿ ಹೂವು ಬಿಟ್ಟು ತೆಗೆ ಅಂತ ಯಾರಾದರೂ ಹೇಳುತ್ತಾರಾ? ನಾನೂ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದು ಉಟ್ಟೆ. ಡಬ್ಬಿಯಲ್ಲಿ ಚಕ್ಕುಲಿ ತುಂಬಿಕೊಂಡೆ. ನಮ್ಮಿಬ್ಬರನ್ನೂ ನೋಡಿ ಬಸ್ ಕಂಡಕ್ಟರು, ಯಾವ ಛತ್ರ ಅಜ್ಜಿ ಅಂತ ಕೇಳಿದ.

ಪಾರ್ಕಿನ ಗೇಟಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದರು. ಸೆಕ್ಯೂರಿಟಿಯವನು ಉತ್ತರ ಕರ್ನಾಟಕದ ಕಡೆಯವನು, ಮೆತ್ತಗಿನ ಮಾತು. ಹೊರಗಿನ ತಿಂಡಿ ಬಿಡೂದಿಲ್ರೀ ಅಂತ ಡಬ್ಬಿ ಇಟ್ಟುಕೊಂಡು ಟೋಕನ್ ಕೊಟ್ಟ. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಖುಷಿಯಾದಾಗ ನನಗೆ ಸಿಕ್ಕಿದವರನ್ನೆಲ್ಲ ಮಾತಾಡಿಸುವ ಚಾಳಿ, ಕ್ಯಾಂಟೀನಿನಲ್ಲಿ ಬಂದಿದ್ದು. ಊಟ ಆಯ್ತೇನಪ್ಪ, ಎಷ್ಟೊತ್ತು ನಿಲ್ಲಿಸ್ತಾರೆ, ಕೂರೋಕೆ ಕುರ್ಚಿ ಕೊಟ್ಟಿಲ್ವಾ ಅಂತ ಅವನನ್ನು ಕೇಳಿದೆ. ಕಸ ಗುಡಿಸುವವಳನ್ನು, ಈ ಪೊರಕೆ ಕಂಪನಿಯವ್ರದ್ದಾ ಅಂದೆ. ಕೊಳದ ಹತ್ತಿರ ನಿಂತವನನ್ನು, ನೀರು ಯಾವಾಗ ಬದಲಾಯಿಸ್ತೀರಿ ಅಂದೆ. ಹೆಂಗಸರ ಪಾಯಿಖಾನೆಗೆ ಹೋಗಿ ಬಂದು, ಚೆನ್ನಾಗಿ ಇಟ್ಕೊಂಡಿದೀರಮ್ಮ ಅಂದೆ.

ಸ್ವಲ್ಪ ಹೊತ್ತಿಗೆ ವಿಚಿತ್ರವೆಲ್ಲ ನಡೆಯಲು ಶುರುವಾಯಿತು. ಟೈ ಕಟ್ಟಿದ ಸೂಪರ್‌ವೈಸರ್ ಒಬ್ಬ ಓಡಿ ಬಂದು, ನನ್ನ ಚಕ್ಕುಲಿ ಡಬ್ಬಿಯನ್ನು ಎರಡು ಕೈಯಲ್ಲಿ ಹಿಡಿದು, ವಯಸ್ಸಾದವರಿಗೆ ನಡೆಯುತ್ತೆ ಮೇಡಂ ಅಂತ ಕೊಟ್ಟ. ಯಾರೋ ಕುರ್ಚಿ ತಂದರು, ಇನ್ಯಾರೋ ನೀರಿನ ಬಾಟಲಿ. ಚೈತ್ರಳ ಕೈಗೆ ಬಲೂನು ಬಂತು. ನಾವು ಎಲ್ಲಿ ಹೋದರೂ ಆ ಟೈಯವನು ಹತ್ತು ಹೆಜ್ಜೆ ಹಿಂದೆ. ನನ್ನ ಜನ್ಮದಲ್ಲಿ ಅಂಥ ಮರ್ಯಾದೆ ಕಂಡಿರಲಿಲ್ಲ, ಮದುವೆಯ ದಿನವೂ. ಕಂಪನಿ ಬಹಳ ಒಳ್ಳೆಯದು, ಬಡವರನ್ನು ಹೀಗೆ ನೋಡಿಕೊಳ್ಳುತ್ತದೆ, ಗೌಡರೆಲ್ಲಿ ಇವರೆಲ್ಲಿ ಅಂತ ಹಿಗ್ಗಿಹೋದೆ. ಅವರೆಲ್ಲ ನನ್ನನ್ನು ಹೆಡ್ ಆಫೀಸಿನಿಂದ ವೇಷ ಮರೆಸಿಕೊಂಡು ಬಂದವಳು ಅಂದುಕೊಂಡಿದ್ದರು ಅಂತ ಗೊತ್ತಾಗಿದ್ದು ಸಂಜೆ, ಸಾವಿತ್ರಿ ಹೇಳಿದ ಮೇಲೆ. ನಮ್ಮ ಪಾಸನ್ನು ಗೇಟಿನವನು ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ. ಅಷ್ಟೊಂದು ಪ್ರಶ್ನೆ ಕೇಳುವ ಅಜ್ಜಿ ಬೇರೆ ಯಾರಾಗಿರಲು ಸಾಧ್ಯ?

ಹಂಸದ ದೋಣಿ ಆಯಿತು, ತಿರುಗುವ ಕುದುರೆ ಆಯಿತು. ಚೈತ್ರ ನನ್ನ ಸೆರಗು ಹಿಡಿದು ರೈಲಿನ ಕಡೆಗೇ ಎಳೆದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನೆತ್ತಿಯ ಮೇಲೆ ಅಷ್ಟು ಮೊಗ್ಗು ಕಟ್ಟಿದವಳು ನಾನೇ ತಾನೇ.

ಸಾಲು ಸರಿಯುತ್ತ ಸರಿಯುತ್ತ ಗೇಟಿಗೆ ಬಂದೆವು. ಸಾವಿತ್ರಿ ನಮ್ಮನ್ನು ಕಂಡಳು. ಕಣ್ಣು ಒಂದು ಗಳಿಗೆ ನಿಂತಿತು, ಅಷ್ಟೇ. ಆಮೇಲೆ ಎಲ್ಲರಿಗೂ ಹೇಳಿದ ಅದೇ ದನಿಯಲ್ಲಿ, ವೆಲ್‌ಕಮ್ ಮೇಡಂ ಅಂದಳು. ಚೈತ್ರ ಅಮ್ಮನ ಮುಖವನ್ನು, ಟೋಪಿಯನ್ನು, ಹಿಂದೆ ನಿಂತ ನಿಜವಾದ ರೈಲನ್ನು ನೋಡಿದಳು. ಎಲ್ಲಿ ಅಮ್ಮ ಅಂದುಬಿಡುತ್ತಾಳೋ ಅಂತ ನಾನು ಅವಳ ಹೆಗಲು ಒತ್ತಿ ಹಿಡಿದೆ. ಅವಳು ಬಲೂನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ನಮಸ್ತೆ ಮೇಡಂ ಅಂದಳು. ನನ್ನ ಮೊಮ್ಮಗಳ ಬುದ್ಧಿ ನೋಡಿ. ಹೆಮ್ಮೆಯಿಂದ ಕಣ್ಣು ತುಂಬಿತು, ಯಾಕೋ ಸಂಕಟವೂ ಆಯಿತು.

ಜಿರಾಫೆಯ ಪಕ್ಕ ನಿಲ್ಲಿಸಿದರೆ ಮೊಗ್ಗಿನ ಗೋಪುರ ಗೆರೆಯನ್ನು ದಾಟಿ ಮೇಲೆ ಹೋಗಿತ್ತು. ಟೈಯವನು ಸಾವಿತ್ರಿಯ ಹತ್ತಿರ ಬಂದು ಏನೋ ಪಿಸುಗುಟ್ಟಿದ. ಬಿಟ್ಟುಬಿಡು, ಹೆಡ್ ಆಫೀಸಿನವರು, ಮಗು ಅತ್ತರೆ ನಿನ್ನ ಕಥೆ ಮುಗೀತು ಅಂದನಂತೆ. ಸಾವಿತ್ರಿ ಬಗ್ಗಿ, ಅಂಗೈಯನ್ನು ಮಗುವಿನ ನೆತ್ತಿಯ ಮೇಲಿಟ್ಟು ಮೆಲ್ಲಗೆ ಒತ್ತಿದಳು. ಮೊಗ್ಗುಗಳು ಒಂದೊಂದೇ ನಲುಗಿದವು, ಕೆಲವು ಕೆಳಗೆ ಉದುರಿದವು. ಅಂಗೈ ತಲೆಬುರುಡೆ ಮುಟ್ಟಿದಾಗ ಗೆರೆ ಇನ್ನೂ ಮೇಲಿತ್ತು. ಒಂದು ಬೆರಳು.

"ಸಾರಿ ಪುಟ್ಟಿ, ಮುಂದಿನ ವರ್ಷ ಬಾ," ಅಂದಳು.

ಚೈತ್ರಳ ಕಣ್ಣಿಂದ ನೀರು ಸುರಿಯುತ್ತಿತ್ತು, ಆದರೆ ಆಟ ಬಿಡಲಿಲ್ಲ ಆ ಮಗು. "ಒಂದೇ ಸಲ ಮೇಡಂ. ಪ್ಲೀಸ್ ಮೇಡಂ," ಅಂದಳು. ಸ್ವಂತ ಅಮ್ಮನಿಗೆ.

ನನಗೆ ತಡೆಯಲಾಗಲಿಲ್ಲ. ಕೂಗಿಬಿಡಬೇಕು ಅನ್ನಿಸಿತು, ಬಾಯಿಗೆ ಬಂದಿದ್ದನ್ನು ನುಂಗಿದೆ. ನುಂಗಿ, ಯಾರೋ ಪರಕೀಯಳ ಹಾಗೆ, "ಒಂದು ಬೆರಳಲ್ವಾ ಮೇಡಂ. ನಿಮ್ಗೂ ಮಕ್ಳಿರ್ತಾವೆ," ಅಂದೆ.

"ಒಬ್ಳು ಇದಾಳೆ ಮೇಡಂ," ಅಂದಳು ಸಾವಿತ್ರಿ. ಅವಳ ಮುಖದಲ್ಲಿ ಆಗ ಕಂಪನಿಯವರು ಕಲಿಸಿದ ನಗು ಇರಲಿಲ್ಲ. ತಿರುಗಿ ನಮ್ಮ ಹಿಂದಿನವರನ್ನು ಕರೆದಳು. ಹಿಂದೆ ನಿಂತಿದ್ದವನು ಹೆಗಲ ಮೇಲೆ ಕೂಸು ಹೊತ್ತ ಒಬ್ಬ ಗಂಡಸು, ಪಕ್ಕದಲ್ಲಿ ಹೆಂಡತಿ, ದೊಡ್ಡ ಮಗ. ಆ ಪುಣ್ಯಾತ್ಮ ಚೈತ್ರಳ ಕೆನ್ನೆ ತಟ್ಟಿ ಸಮಾಧಾನ ಮಾಡಿದ. ನಾನು ಅವನಿಗೆ ಒಂದು ಚಕ್ಕುಲಿ ಕೊಟ್ಟೆ.

ಸಂಜೆ ಸಾವಿತ್ರಿ ಬಂದವಳು ಬಟ್ಟೆ ಬದಲಾಯಿಸದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಲುಗಿದ ಮೊಗ್ಗುಗಳನ್ನು ಬಿಡಿಸಲು ಶುರು ಮಾಡಿದಳು. ಚೈತ್ರ ಅವಳನ್ನು ನೋಡಿ, ಆಟ ಮುಗೀತಾ ಅಂತ ಕೇಳಿದಳು. ಮುಗೀತು ಅಂದಮೇಲೆ ಅಮ್ಮ ಅಂತ ಅತ್ತಳು. ನಾನು ಬೈದೆ. ಎಲ್ಲರೆದುರು ಕೂಸಿನ ಹೂವು ಹಿಸುಕಿದೆಯಲ್ಲೇ, ಗೌಡರಿದ್ದಿದ್ದರೆ ಒಂದಲ್ಲ ಎರಡು ಸುತ್ತು ಕಳಿಸುತ್ತಿದ್ದರು ಅಂದೆ.

"ಕಳಿಸ್ತಿದ್ರಮ್ಮ," ಅಂದಳು. "ಕಳ್ಸಿದ್ರು ಕೂಡ. ನಿಂಗೆ ಹೇಳಿಲ್ಲ ನಾನು."

ಗೌಡರ ಕಾಲದಲ್ಲಿ ಒಂದು ದಿನ, ಚೈತ್ರಳಷ್ಟೇ ಎತ್ತರದ ಮಗುವಿಗೋಸ್ಕರ ಅದರ ಅಜ್ಜಿ ಬೇಡಿಕೊಂಡಿದ್ದಳಂತೆ. ಗೌಡರು ಬಿಡಮ್ಮ ಪಾಪ ಅಂದರಂತೆ. ಇವಳು ಬಿಟ್ಟಳಂತೆ. ದಿಬ್ಬ ಇಳಿಯುವಾಗ ಸೀಟಿನ ಅಡ್ಡಪಟ್ಟಿ ಆ ಮಗುವಿಗೆ ಸಡಿಲವಾಗಿ, ಮುಂದಕ್ಕೆ ಜಾರಿ, ಕಬ್ಬಿಣಕ್ಕೆ ಬಾಯಿ ಹೊಡೆದು ತುಟಿ ಸೀಳಿತಂತೆ. ಆ ರಕ್ತ ಒರೆಸಿದ್ದು ಇವಳ ದುಪಟ್ಟಾದಲ್ಲಿ. ಗೌಡರು ಆಸ್ಪತ್ರೆಗೆ ತಮ್ಮ ಜೀಪಿನಲ್ಲೇ ಕರೆದೊಯ್ದು, ಹೊಲಿಗೆ ಹಾಕಿಸಿ, ಮಗುವಿನ ಕೈಗೆ ಬೊಂಬೆ ಕೊಟ್ಟು ಕಳಿಸಿದರಂತೆ. ಮರುದಿನ ಬೆಳಿಗ್ಗೆ ಮತ್ತೆ ಇನ್ಯಾರನ್ನೋ, ಬಿಡಮ್ಮ ಪಾಪ ಅಂದರಂತೆ.

ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.

ಟೈಯವನಿಗೆ ನಾನು ಸಾವಿತ್ರಿಯ ಅಮ್ಮ ಅಂತ ಗೊತ್ತಾದ ಮೇಲೆ ಅವಳ ಜೊತೆ ಮಾತು ಬಿಟ್ಟ. ಅಷ್ಟು ಹೊತ್ತು ಯಾರ ಹಿಂದೆಯೋ ಓಡಿದ ಅವಮಾನ ಅವನಿಗೆ. ಮನೆಯಲ್ಲಿ ಎಲ್ಲರಿಗೂ ಭಯ. ಮಾರ್ಕ್ಸ್ ಬಂದಾಗ ನೋಡಿದರೆ, ನಮ್ಮ ಹಿಂದೆ ಕೂಸು ಹೊತ್ತು ನಿಂತಿದ್ದವನೇ ನಿಜವಾದ ಹೆಡ್ ಆಫೀಸಿನವನು. ನನ್ನ ಚಕ್ಕುಲಿ ತಿಂದವನು. ಅಳತೆ ಹಾಕಿದ್ದಕ್ಕೆ ಸಾವಿತ್ರಿಗೆ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದ, ಕೆಲಸ ಕಾಯಂ ಆಯಿತು. ಆದರೆ ನಗುವಿಗೆ ಸೊನ್ನೆ. ಬಂದವರನ್ನು ವಾಪಸ್ ಕಳಿಸುವಾಗಲೂ ನಗು ಇರಬೇಕು, ಅದು ಕಂಪನಿಯ ನಿಯಮ ಅಂತ ಅವಳನ್ನು ನಗುವ ಟ್ರೇನಿಂಗಿಗೆ ಹಾಕಿದರು.

ನಾನು ಬೀದಿಗೆಲ್ಲ ಸಕ್ಕರೆ ಹಂಚಿದೆ. ಮನೆಗೆ ಬಂದರೆ ಸಾವಿತ್ರಿ ಕನ್ನಡಿಯ ಮುಂದೆ ನಿಂತು, ಸಾರಿ ಪುಟ್ಟಿ ಅನ್ನುತ್ತ ಹಲ್ಲು ಕಾಣಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು. ಪಕ್ಕದಲ್ಲಿ ಚೈತ್ರ ಅವಳನ್ನೇ ಅಣಕಿಸುತ್ತಿದ್ದಳು. ನಗಬೇಕೋ ಅಳಬೇಕೋ ನೀವೇ ಹೇಳಿ. ಗೌಡರ ಪ್ರೀತಿ ತುಟಿ ಸೀಳಿತು. ಕಂಪನಿಯ ಕಟ್ಟುನಿಟ್ಟು ನನ್ನ ಮೊಮ್ಮಗಳ ಮುಖ ಉಳಿಸಿತು, ಆದರೆ ಅಳುವ ಮಗುವಿನೆದುರು ಅವಳಮ್ಮ ನಗಲಿಲ್ಲ ಅಂತ ಸೊನ್ನೆ ಹಾಕಿತು. ನನಗೆ ಸಿಕ್ಕ ಕುರ್ಚಿ, ನೀರು, ಮರ್ಯಾದೆ, ಅದು ನನಗೆ ಸಿಕ್ಕಿದ್ದೋ ಅಥವಾ ಆ ಕೂಸು ಹೊತ್ತವನಿಗೆ ಸಿಗಬೇಕಾದದ್ದೋ. ಸೆಕ್ಯೂರಿಟಿಯವನು ಬಿಡೂದಿಲ್ರೀ ಅಂದ ಆ ಮೆತ್ತಗಿನ ದನಿಯೊಂದೇ ನನಗಾಗಿ ಬಂದದ್ದು ಅಂತ ಈಗ ಅನ್ನಿಸುತ್ತದೆ. ಅದೂ ಕಲಿಸಿದ್ದೇ ಇರಬಹುದು, ಯಾರಿಗೆ ಗೊತ್ತು.

ಮರುವರ್ಷ ಚೈತ್ರ ಗೆರೆ ದಾಟಿದಳು. ಜಿರಾಫೆಯನ್ನು ತೆಗೆದು, ಕಂಪನಿಯ ಎಲ್ಲ ಪಾರ್ಕುಗಳಲ್ಲೂ ಇರುವ ಒಂದು ನೀಲಿ ಕರಡಿ ನಿಲ್ಲಿಸಿದ್ದರು. ರೈಲು ಹತ್ತಿ ಇಳಿದು ಬಂದು, ಇಷ್ಟೇನಾ ಅಂದಳು.

ಇವೆಲ್ಲ ಮೆಟ್ಟಿಲ ಮೇಲೆ ಕೂತು ಯೋಚಿಸುತ್ತಿರುವಾಗ ಸಾವಿತ್ರಿ ಹೊರಗೆ ಬಂದು, ಹುರುಳಿಕಾಯಿ ಮುಂದಿಟ್ಟುಕೊಂಡು ನನ್ನ ಪಕ್ಕ ಕೂತಳು. ಇವತ್ತು ಅವಳಿಗೆ ವಾರದ ರಜೆ. ಈಗ ಅವಳು ಗೇಟಿನಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಸೇರುವ ಹುಡುಗಿಯರಿಗೆ ಕೆಲಸ ಕಲಿಸುವವಳು ಅವಳೇ. ಈ ಮಾತು ಬರೆಯುವುದೇ ನನಗೆ ಖುಷಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಪಾಠ ಹೇಳುತ್ತಾಳೆ. ಆದರೂ ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿಬಿಟ್ಟೆ. ಒಂದು ಬೆರಳು ಕಮ್ಮಿ ಇರೋ ಮಗು ಬಂದು ಅತ್ತರೆ ಏನು ಮಾಡಬೇಕು ಅಂತ ಹೇಳಿಕೊಡ್ತೀಯೇ ಆ ಹುಡುಗಿಯರಿಗೆ ಅಂದೆ.

ಅವಳು ಕಾಯಿಯ ನಾರು ತೆಗೆಯುತ್ತಲೇ, "ಅಳತೆ ಹಾಕಿ ಅಂತೀನಿ. ಯಾರು ಏನೇ ಅಂದ್ರೂ ಬಿಡಬೇಡಿ ಅಂತೀನಿ," ಅಂದಳು. ಇನ್ನೊಂದು ಕಾಯಿ ಎತ್ತಿಕೊಂಡು, "ಮಗು ಅಳ್ತಿದ್ರೆ ನಗಬೇಡಿ ಅಂತೀನಿ."

"ಕಂಪನಿಯವ್ರು ಒಪ್ಪಿದ್ರೇನೇ?" ಅಂದೆ.

"ಕಂಪನಿಯವ್ರಿಗೆ ನಾನೆಲ್ಲಿ ಹೇಳಿದೀನಿ," ಅಂತ ಅರ್ಧ ಹುರುಳಿಕಾಯಿಯನ್ನು ನನ್ನ ಮಡಿಲಿಗೆ ಸುರಿದಳು.